ಹಳೆಯ ಹೈಬ್ರಿಡ್ ಕಾರಿನ ರಬ್ಬರ್ ಬುಷ್: ದುರಸ್ತಿಯೋ, ಮಾರಾಟವೋ?

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರೊಬ್ಬರು 2014ರಲ್ಲಿ ಕೊಂಡ ಕ್ಯಾಮ್ರಿ ಹೈಬ್ರಿಡ್ ಕಾರನ್ನು ಹನ್ನೊಂದನೆಯ ವರ್ಷದಲ್ಲಿ ಮಾರಿಬಿಡಲು ನಿಶ್ಚಯಿಸಿದ್ದರು. ರಸ್ತೆಯುಬ್ಬು ದಾಟುವಾಗ ಮುಂಭಾಗದಿಂದ ‘ಟಕ್’ ಎಂಬ ಸದ್ದು, ಬ್ರೇಕ್ ಒತ್ತಿದೊಡನೆ ಸ್ಟಿಯರಿಂಗ್ ಒಂದು ಬದಿಗೆ ಎಳೆಯುವುದು, ಹೊಸದಾಗಿ ಹಾಕಿಸಿದ ಟೈರುಗಳ ಒಳ ಅಂಚು ವರ್ಷ ತುಂಬುವ ಮೊದಲೇ ಸವೆದುಹೋಗುವುದು - ಇವಿಷ್ಟೇ ದೂರುಗಳು. ಆದರೆ ಹೈಬ್ರಿಡ್ ಎಂದೊಡನೆ ಎಲ್ಲರ ದೃಷ್ಟಿಯೂ ಬ್ಯಾಟರಿಯತ್ತ ಹೋಗುತ್ತದೆ. ಬ್ಯಾಟರಿ ಕೈಕೊಡುವ ಮುನ್ನ ಮಾರಿಬಿಡುವುದೇ ಲೇಸೆಂದು ಹಿತೈಷಿಗಳು ಹೇಳಿದರು. ಹಳೆಯ ಕಾರುಗಳ ದಲ್ಲಾಳಿಯೂ ಅದೇ ಭಯವನ್ನು ಮುಂದಿಟ್ಟು ಬೆಲೆಯನ್ನು ಇಳಿಸುತ್ತಾ ಹೋದರು. ಕೊನೆಗೆ ಕಾರನ್ನು ಮೇಲೆತ್ತಿ ನೋಡಿದ ಮೆಕ್ಯಾನಿಕ್ ಒಬ್ಬರು ಕಬ್ಬಿಣದ ಸಲಾಕೆಯಿಂದ ಮುಂದಿನ ಲೋವರ್ ಆರ್ಮನ್ನು ಮೀಟಿ ತೋರಿಸಿದಾಗ ನಿಜ ಸಂಗತಿ ಹೊರಬಿತ್ತು. ಬ್ಯಾಟರಿಯಲ್ಲಿ ದೋಷವಿರಲಿಲ್ಲ, ಹರಿದಿದ್ದುದು ಆರ್ಮಿನ ರಬ್ಬರ್ ಬುಷ್.

ಇಂತಹ ಪ್ರಶ್ನೆ ಈಗ ಅನೇಕ ವರ್ತಕರ ಮುಂದಿದೆ. ಜಪಾನಿನಲ್ಲಿ ಟೊಯೋಟಾ ಸಂಸ್ಥೆಯ ಪ್ರಿಯಸ್ ಮಾರುಕಟ್ಟೆಗೆ ಬಂದುದು 1997ರ ಡಿಸೆಂಬರಿನಲ್ಲಿ. ಭಾರತದಲ್ಲಿ ಅದು 2010ರಲ್ಲಿ ಆಮದಾಗಿ ಬಂದಿತು. 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ನಮ್ಮ ಬಿಡದಿಯ ಕಾರ್ಖಾನೆಯಲ್ಲಿಯೇ ಜೋಡಣೆಯಾಗತೊಡಗಿತು. 2015ರ ಏಪ್ರಿಲಿನಲ್ಲಿ ಆರಂಭವಾದ ಫೇಮ್ ಯೋಜನೆಯ ಪ್ರೋತ್ಸಾಹಧನವೂ ಸೇರಿ ಕೆಲಕಾಲ ಈ ಕಾರುಗಳಿಗೆ ಅನುಕೂಲವಾಯಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ದೊಡ್ಡ ಹೈಬ್ರಿಡ್ ಕಾರುಗಳ ಮೇಲೆ ಶೇ. 28 ತೆರಿಗೆ ಹಾಗೂ ಶೇ. 15 ಸೆಸ್, ಒಟ್ಟು ಶೇ. 43 ಬಿದ್ದುದರಿಂದ ಹೊಸ ಕಾರು ದುಬಾರಿಯಾಯಿತು. ಅದಕ್ಕೆ ಮುನ್ನ ಕೊಂಡವರು ಇದ್ದ ಕಾರನ್ನೇ ಉಳಿಸಿಕೊಂಡು ಬಂದುದು ಸಹಜವೇ. ಆ ಕಾರುಗಳಲ್ಲಿ ಬಹುಪಾಲು ಈಗ ಹತ್ತು ವರ್ಷ ದಾಟಿವೆ.

ಬುಷ್ ಎಂಬುದು ಎರಡು ಉಕ್ಕಿನ ಕೊಳವೆಗಳ ನಡುವೆ ಕಾವಿನಲ್ಲಿ ಬೆಸೆದ ರಬ್ಬರ್. ಹೊರಗಿನ ಕೊಳವೆ ಆರ್ಮಿನೊಳಗೆ ಬಿಗಿಯಾಗಿ ಕುಳಿತಿರುತ್ತದೆ, ಒಳಗಿನದು ಬೋಲ್ಟಿನ ಮೂಲಕ ಚಾಸಿಯ ಭಾಗಕ್ಕೆ ಸೇರಿರುತ್ತದೆ. ಚಕ್ರ ಮೇಲೆ ಕೆಳಗೆ ಚಲಿಸಿದಾಗ ಲೋಹ ಲೋಹಕ್ಕೆ ಉಜ್ಜುವುದಿಲ್ಲ. ರಬ್ಬರೇ ತಿರುಚಿಕೊಂಡು ಮತ್ತೆ ಸ್ವಸ್ಥಾನಕ್ಕೆ ಮರಳುತ್ತದೆ. ಲಕ್ಷಾಂತರ ಬಾರಿ ತಿರುಚಿದರೂ ಬೇಗ ಹರಿಯದ ಗುಣವಿರುವುದರಿಂದ ಈ ಕೆಲಸಕ್ಕೆ ನೈಸರ್ಗಿಕ ರಬ್ಬರಿಗೆ ಆದ್ಯತೆ. ಸುಳ್ಯ, ಬೆಳ್ತಂಗಡಿಗಳ ತೋಟಗಳಲ್ಲಿ ಬೆಳೆಯುವುದೂ ಅದೇ ರಬ್ಬರ್. ಆದರೆ ಎಂಜಿನ್ ಎಣ್ಣೆಯ ಸೋರಿಕೆ, ಬಿಸಿಲು, ಗಾಳಿಯಲ್ಲಿನ ಓಜೋನ್ ಇವು ಅದಕ್ಕೆ ಶತ್ರುಗಳು. ಕಾರು ಕಡಿಮೆ ಓಡಿದ್ದರೂ ವಯಸ್ಸಿನಿಂದಲೇ ಬುಷ್ ಗಡುಸಾಗಿ ಬಿರುಕು ಬಿಡುವುದುಂಟು.

ಹೈಬ್ರಿಡ್ ಕಾರಿನಲ್ಲಿ ಈ ಸವೆತ ಎರಡು ರೀತಿಯಲ್ಲಿ ಮಾಲೀಕರನ್ನು ದಾರಿ ತಪ್ಪಿಸುತ್ತದೆ. ನಿಧಾನವಾಗಿ ಸಾಗುವಾಗ ಎಂಜಿನ್ ಆರಿ ಮೋಟಾರು ಮಾತ್ರ ಕೆಲಸ ಮಾಡುವುದರಿಂದ ಕಾರಿನೊಳಗೆ ನಿಶ್ಶಬ್ದವಿರುತ್ತದೆ. ಡೀಸೆಲ್ ಕಾರಿನಲ್ಲಿ ಕಿವಿಗೆ ಬೀಳದ ಸಣ್ಣ ಸದ್ದು ಇಲ್ಲಿ ಸ್ಪಷ್ಟವಾಗಿ ಕೇಳಿಸಿ, ವಿದ್ಯುತ್ ವ್ಯವಸ್ಥೆಯಲ್ಲೇ ಏನೋ ಕೆಟ್ಟಿದೆ ಎಂಬ ಅನುಮಾನ ಹುಟ್ಟಿಸುತ್ತದೆ. ಎರಡನೆಯದು ಬ್ರೇಕಿಗೆ ಸಂಬಂಧಿಸಿದ್ದು. ಬ್ರೇಕ್ ಒತ್ತಿದಾಗ ಮೋಟಾರೇ ಜನರೇಟರ್ ಆಗಿ ಮುಂದಿನ ಚಕ್ರಗಳನ್ನು ತಡೆದು ಬ್ಯಾಟರಿಗೆ ವಿದ್ಯುತ್ತನ್ನು ಹಿಂದಿರುಗಿಸುತ್ತದೆ; ಆದ್ದರಿಂದ ಬ್ರೇಕ್ ಪ್ಯಾಡುಗಳು ಬಹುಕಾಲ ಬಾಳುತ್ತವೆ. ಪ್ಯಾಡು ಚೆನ್ನಾಗಿದೆಯೆಂದರೆ ಕೆಳಭಾಗವೆಲ್ಲ ಕ್ಷೇಮವೆಂದು ಭಾವಿಸಲಾಗುತ್ತದೆ. ಚಕ್ರವನ್ನು ತಡೆಯುವುದು ಪ್ಯಾಡೇ ಆಗಲಿ ಮೋಟಾರೇ ಆಗಲಿ, ಆ ಜಗ್ಗುವಿಕೆಯನ್ನು ಹೊರುವುದು ಲೋವರ್ ಆರ್ಮಿನ ಬುಷ್. ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಪೀಣ್ಯದ ಉದ್ದಿಮೆದಾರರು ಕಾರನ್ನು ಮಾರುವ ಯೋಚನೆ ಬಿಟ್ಟು ಹತ್ತಿರದ ಗ್ಯಾರೇಜಿನಲ್ಲಿ ಎರಡೂ ಬದಿಯ ಬುಷ್‌ಗಳನ್ನು ಬದಲಾಯಿಸಿದರು. ಸದ್ದು ನಿಂತಿತು. ಎಂಟು ತಿಂಗಳಲ್ಲಿ ಅದು ಮರಳಿತು; ಹೊಸ ಬುಷ್ ಕೂಡ ಹರಿದಿತ್ತು. ಮಾಲಿನ ಮೇಲೆ ಗ್ಯಾರೇಜಿನವರು ಹೊರೆ ಹಾಕಿದರು, ಗ್ಯಾರೇಜಿನ ಮೇಲೆ ಮಾಲು ಮಾರಿದವರು. ನಿಜವಾದ ತಪ್ಪು ಬೋಲ್ಟ್ ಬಿಗಿದ ರೀತಿಯಲ್ಲಿತ್ತು. ಕಾರು ಲಿಫ್ಟಿನ ಮೇಲಿರುವಾಗ ಚಕ್ರಗಳು ಕೆಳಕ್ಕೆ ಜೋತುಬಿದ್ದಿರುತ್ತವೆ. ಅದೇ ಸ್ಥಿತಿಯಲ್ಲಿ ಬೋಲ್ಟನ್ನು ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ಸದಾ ತಿರುಚಿಕೊಂಡ ಸ್ಥಿತಿಯಲ್ಲಿರುತ್ತದೆ. ಪ್ರತಿ ಗುಂಡಿ, ಪ್ರತಿ ಉಬ್ಬಿಗೂ ಆ ತಿರುಚು ಇನ್ನಷ್ಟು ಹೆಚ್ಚಿ ರಬ್ಬರ್ ಬೇಗ ಹರಿಯುತ್ತದೆ. ಮೊದಲು ಬೋಲ್ಟನ್ನು ಸಡಿಲವಾಗಿ ಕೂರಿಸಿ, ಕಾರಿನ ಪೂರ್ಣ ಭಾರ ಚಕ್ರಗಳ ಮೇಲೆ ಬಿದ್ದ ಅನಂತರವೇ ತಯಾರಕರು ನಿಗದಿಪಡಿಸಿದ ಬಲಕ್ಕೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯುವುದು ಕ್ರಮ. ಕಾಲು ಗಂಟೆಯ ಈ ಕೆಲಸವನ್ನು ಉಳಿಸಲು ಹೋಗಿ ಇಡೀ ದುರಸ್ತಿಯ ಹಣ ಕೈಬಿಟ್ಟಿತ್ತು.

ಎರಡನೆಯ ಬಾರಿ ಅವರು ಬೇರೆ ಗ್ಯಾರೇಜನ್ನು ಆರಿಸಿಕೊಂಡು ಕೆಲಸ ಮುಗಿಯುವವರೆಗೂ ಪಕ್ಕದಲ್ಲೇ ನಿಂತರು. ಹಳೆಯ ಬುಷ್ಷನ್ನು ಸುತ್ತಿಗೆಯಿಂದ ಹೊಡೆದು ತೆಗೆಯದೆ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ ಹೊರತೆಗೆದರು; ಹೊಡೆತಕ್ಕೆ ಆರ್ಮ್ ವಕ್ರವಾದರೆ ಹೊಸ ಬುಷ್ಷಿನಿಂದ ಪ್ರಯೋಜನವಿಲ್ಲ. ಬುಷ್ಷಿನ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಖಾಲಿ ಜಾಗಗಳಿರುತ್ತವೆ. ಅವು ಯಾವ ದಿಕ್ಕಿಗಿರಬೇಕೆಂದು ಹಳೆಯದನ್ನು ತೆಗೆಯುವ ಮೊದಲೇ ಗುರುತು ಹಾಕಿಕೊಂಡರು. ಹೈಬ್ರಿಡ್ ಆದುದರಿಂದ ಇನ್ನೂ ಒಂದು ಎಚ್ಚರಿಕೆ ಅಗತ್ಯವಾಗಿತ್ತು. ಎಂಜಿನ್ ಸದ್ದಿಲ್ಲವೆಂದ ಮಾತ್ರಕ್ಕೆ ಕಾರು ಆರಿದೆ ಎಂದರ್ಥವಲ್ಲ. ಸೂಚನಾಫಲಕದಲ್ಲಿ ‘ರೆಡಿ’ ದೀಪ ಉರಿಯುತ್ತಿದ್ದರೆ ಎಂಜಿನ್ ಯಾವ ಕ್ಷಣದಲ್ಲಾದರೂ ತಾನಾಗಿ ಚಾಲೂ ಆಗಬಹುದು. ಕಾರನ್ನು ಪೂರ್ತಿ ಆರಿಸಿ, ಕೀಲಿಯನ್ನು ದೂರವಿಟ್ಟು, ಕಿತ್ತಳೆ ಬಣ್ಣದ ಅಧಿಕ ವೋಲ್ಟೇಜಿನ ತಂತಿಗಳಿಗೆ ತಾಗದಂತೆ ನಿಗದಿತ ಜಾಗದಲ್ಲೇ ಜಾಕ್ ಕೊಟ್ಟರು. ಕೊನೆಯಲ್ಲಿ ವೀಲ್ ಅಲೈನ್‌ಮೆಂಟ್ ಆಯಿತು. ಅದಿಲ್ಲದಿದ್ದರೆ ಟೈರಿನ ಸವೆತ ಮುಂದುವರಿಯುತ್ತಿತ್ತು.

ಮಾಲಿನ ಆಯ್ಕೆಯಲ್ಲಿ ಮೂರು ದಾರಿಗಳಿವೆ. ಬುಷ್ ಸಹಿತವಾದ ಇಡೀ ಆರ್ಮನ್ನೇ ತಂದರೆ ಬೆಲೆ ಹೆಚ್ಚು, ಕೂಲಿ ಕಡಿಮೆ. ಬಾಲ್ ಜಾಯಿಂಟ್ ಕೂಡ ಸಡಿಲಗೊಂಡಿದ್ದರೆ ಇದು ಯೋಗ್ಯ. ಬುಷ್ ಮಾತ್ರ ತಂದರೆ ಪ್ರೆಸ್ ಇರುವ ಗ್ಯಾರೇಜ್ ಬೇಕು. ಪಾಲಿಯುರೆಥೇನ್ ಬುಷ್ ಬಹುಕಾಲ ಬಾಳುವುದಾದರೂ ಗಡುಸು. ನಿಶ್ಶಬ್ದಕ್ಕಾಗಿಯೇ ಕೊಂಡ ಕಾರಿಗೆ ಅದು ಸಲ್ಲದು. ಯಾವುದಕ್ಕೂ ಮೊದಲು ಕಡಿಮೆ ಬೆಲೆಯ ಲಿಂಕ್ ರಾಡನ್ನು ಪರೀಕ್ಷಿಸುವುದು ಒಳ್ಳೆಯದು. ಅದು ಸಡಿಲವಾದರೂ ಬಹುತೇಕ ಇಂತಹುದೇ ಸದ್ದು ಬರುತ್ತದೆ.

ಇನ್ನು ಲೆಕ್ಕಪತ್ರದ ಮಾತು. ಇದ್ದ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ವೆಚ್ಚವೇ ಹೊರತು ಹೊಸ ಆಸ್ತಿಯನ್ನು ತರುವ ವೆಚ್ಚ ‘ಚಾಲ್ತಿ ದುರಸ್ತಿ’ ಆಗದೆಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ, 1961ರ ಆದಾಯ ತೆರಿಗೆ ಕಾಯ್ದೆಯ 31ನೆಯ ಕಲಮನ್ನು ಕುರಿತು ಸ್ಪಷ್ಟಪಡಿಸಿತು. ಬುಷ್ ಬದಲಾವಣೆ ಈ ಅಳತೆಗೆ ಸರಿಯಾಗಿ ಹೊಂದುತ್ತದೆ. ಅದನ್ನು ಕಾರಿನ ಮೌಲ್ಯಕ್ಕೆ ಸೇರಿಸುವ ಅಗತ್ಯವಿಲ್ಲ. ಕಾರು ಮನೆಯ ಬಳಕೆಗೂ ಇದ್ದರೆ ಆ ಪಾಲನ್ನು ಬಿಟ್ಟು ಬರೆಯಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳೆಲ್ಲಕ್ಕೂ ಶೇ. 18ರ ಏಕರೂಪದ ದರ ಬಂದಿದೆ. ಆದರೆ ಮಾಲೀಕರು ಬಳಸುವ ಇಂತಹ ಕಾರಿನ ದುರಸ್ತಿಗೆ ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಕಲಮಿನಂತೆ ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲ. ತಿಳಿಯದೆ ಪಡೆದ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಿದವರುಂಟು. ತೆರಿಗೆಯನ್ನೂ ಸೇರಿಸಿಯೇ ವೆಚ್ಚವನ್ನು ಎಣಿಸಬೇಕು.

ಶೇ. 15ರ ಸವಕಳಿಯಂತೆ ಹತ್ತು ವರ್ಷಗಳ ಅನಂತರ ಪುಸ್ತಕದಲ್ಲಿ ಉಳಿಯುವುದು ಮೂಲ ಬೆಲೆಯ ಐದನೆಯ ಒಂದು ಭಾಗಕ್ಕೂ ತುಸು ಕಡಿಮೆ. ದಲ್ಲಾಳಿ ಹೇಳಿದ್ದ ಬೆಲೆ ಅದಕ್ಕಿಂತಲೂ ಕೆಳಗಿತ್ತು. ಎರಡನೆಯ ದುರಸ್ತಿಯ ಒಟ್ಟು ಬಿಲ್ಲು, ಅಲೈನ್‌ಮೆಂಟ್ ಸಹಿತ, ಹಿಂದಿನ ವರ್ಷ ವ್ಯರ್ಥವಾಗಿ ಸವೆದ ಎರಡು ಟೈರುಗಳ ಬೆಲೆಯನ್ನು ಮುಟ್ಟಲಿಲ್ಲ. ಮೊದಲ ದುರಸ್ತಿಯ ಬಿಲ್ಲನ್ನೂ ಅವರು ಅದೇ ಕಡತದಲ್ಲಿ ಇಟ್ಟಿದ್ದಾರೆ. ಕಾರು ಈಗಲೂ ದಿನವೂ ಪೀಣ್ಯಕ್ಕೆ ಬಂದು ಹೋಗುತ್ತಿದೆ. ಹಿಂದಿನ ಚಕ್ರಗಳ ಲಿಂಕ್ ಬುಷ್‌ಗಳನ್ನು ಮುಂದಿನ ಸರ್ವಿಸಿನಲ್ಲಿ ನೋಡಿಸಬೇಕೆಂದು ಕಡತದ ಮೇಲೆ ಬರೆದಿಡಲಾಗಿದೆ.