ಅಕ್ಷಿಪಟಲವನ್ನು ಸವೆಸುವ ಆನುವಂಶಿಕ ರೋಗ

ಮುಸ್ಸಂಜೆಯಾದೊಡನೆ ಮಗು ಎಡವತೊಡಗಿದರೆ ಎ ವಿಟಮಿನ್ ಕೊರತೆಯೆಂದೇ ಹಲವರು ಭಾವಿಸುತ್ತಾರೆ. ಆದರೆ ಎಲ್ಲ ಇರುಳುಗುರುಡೂ ಸೊಪ್ಪು, ಕ್ಯಾರೆಟ್‌ನಿಂದ ವಾಸಿಯಾಗುವಂಥದ್ದಲ್ಲ. ಅದು ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ರೋಗದ ಮೊದಲ ಸೂಚನೆಯೂ ಆಗಿರಬಹುದು. ಜಗತ್ತಿನಲ್ಲಿ ಸುಮಾರು 4,000 ಮಂದಿಗೆ ಒಬ್ಬರಂತೆ ಈ ರೋಗ ಬಾಧಿಸುತ್ತದೆಂಬ ಅಂದಾಜಿದೆ.

ಕಣ್ಣಿನ ಹಿಂಬದಿಯ ತೆಳು ಪರದೆಯೇ ಅಕ್ಷಿಪಟಲ, ಅಂದರೆ ರೆಟಿನಾ. ಮಬ್ಬು ಬೆಳಕನ್ನು ಗ್ರಹಿಸುವ ಸುಮಾರು 12 ಕೋಟಿ ದಂಡಕೋಶಗಳೂ, ಬಣ್ಣ ಹಾಗೂ ಸೂಕ್ಷ್ಮ ವಿವರಗಳನ್ನು ಗುರುತಿಸುವ ಸುಮಾರು 60 ಲಕ್ಷ ಶಂಕುಕೋಶಗಳೂ ಅದರಲ್ಲಿವೆ. ದೋಷಯುಕ್ತ ವಂಶವಾಹಿಯಿಂದಾಗಿ ಸಾಮಾನ್ಯವಾಗಿ ಮೊದಲು ದಂಡಕೋಶಗಳು ಸಾಯುತ್ತವೆ. ದೃಷ್ಟಿ ಅಂಚಿನಿಂದ ಕುಗ್ಗುತ್ತ ಬಂದು, ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ದೋಷ ದಂಡಕೋಶಗಳಿಗಷ್ಟೇ ಸೀಮಿತವಾಗಿದ್ದರೂ, ಅವುಗಳ ಆಸರೆ ತಪ್ಪಿದ ಶಂಕುಕೋಶಗಳು ಕ್ರಮೇಣ ನಶಿಸುತ್ತವೆ. ರಕ್ತನಾಳಗಳು ಕಿರಿದಾಗುತ್ತವೆ. ಹಿಂಬದಿಯ ಪದರದ ಕಪ್ಪು ವರ್ಣಕಣಗಳು ಅಕ್ಷಿಪಟಲದೊಳಗೆ ನುಸುಳಿ ಮಚ್ಚೆಗಟ್ಟುತ್ತವೆ. ವೈದ್ಯರಿಗೆ ಇವೇ ರೋಗದ ಮುಖ್ಯ ಗುರುತು.

ಹೆತ್ತವರ ದೃಷ್ಟಿ ಚೆನ್ನಾಗಿದ್ದರೂ, ಇಬ್ಬರಲ್ಲೂ ಒಂದೇ ವಂಶವಾಹಿಯ ದೋಷ ಅಡಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ಶೇ. 25ರಷ್ಟು. ರಕ್ತಸಂಬಂಧದ ಮದುವೆಗಳಲ್ಲಿ ಈ ಅಪಾಯ ಹೆಚ್ಚು. ಸೋದರಮಾವನಿಗೇ ಹೆಣ್ಣು ಕೊಡುವ ರೂಢಿ ಇನ್ನೂ ಉಳಿದಿರುವ ಕರ್ನಾಟಕದಲ್ಲಿ ಇದು ಗಮನಿಸಬೇಕಾದ ಸಂಗತಿ.

2017ರಲ್ಲಿ ಅಮೆರಿಕದ ಎಫ್‌ಡಿಎ ಲಕ್ಸ್‌ಟರ್ನಾ ಎಂಬ ವಂಶವಾಹಿ ಚಿಕಿತ್ಸೆಗೆ ಅನುಮತಿ ನೀಡಿತು. ಆದರೆ ಅದು ಆರ್‌ಪಿಇ65 ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿರುವವರಿಗೆ ಮಾತ್ರ. ಅಕ್ಷಿಪಟಲದಲ್ಲಿ ಸಾಕಷ್ಟು ಜೀವಂತ ಕೋಶಗಳೂ ಉಳಿದಿರಬೇಕು. ಸತ್ತ ಕೋಶ ಮರಳದು. ಆದುದರಿಂದ ಇರುಳಿನಲ್ಲಿ ತಡವರಿಸುವ ಮಗುವನ್ನು ನೇತ್ರತಜ್ಞರಲ್ಲಿಗೆ ಕರೆದೊಯ್ಯಲು ವಿಳಂಬ ಸಲ್ಲದು.