ಆಕಾಶದ ಕಾವಲಿಗೆ ಅರ್ಹರಾರು?

1996ನೆಯ ಇಸವಿ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಆಕಾಶದಲ್ಲಿಯೇ ಡಿಕ್ಕಿ ಹೊಡೆದು 349 ಮಂದಿ ಮೃತರಾದ ದುರಂತವನ್ನು ವಾಚಕರು ಮರೆತಿರಲಾರರು. ದೆಹಲಿಯಿಂದ ಮೇಲೇರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ, ದೆಹಲಿಗೆ ಇಳಿಯುತ್ತಿದ್ದ ಕಜಾಕ್ ವಿಮಾನಕ್ಕೆ 15,000 ಅಡಿ ಎಂದು ಅಪ್ಪಣೆಯಾಗಿದ್ದಿತು. ಕಜಾಕ್ ವಿಮಾನವು ಆ ಅಪ್ಪಣೆಯನ್ನು ಮೀರಿ ಕೆಳಗಿಳಿಯಿತು. ನಿಯಂತ್ರಕರ ಮುಂದಿದ್ದ ರಾಡಾರು ವಿಮಾನದ ಎತ್ತರವನ್ನು ತೋರಿಸುವಂಥದಲ್ಲ. ಪೈಲಟರ ಬಾಯಿಮಾತೇ ಅವರಿಗೆ ಆಧಾರ.

ಇಂತಹ ಆಸನದಲ್ಲಿ ಕುಳಿತುಕೊಳ್ಳುವವರು ಯಾರು, ಅವರನ್ನು ತಕ್ಕವರೆಂದು ನಿರ್ಣಯಿಸುವವರು ಯಾರು ಎಂಬುದು ಪ್ರಯಾಣಿಕನು ಕೇಳಲೇಬೇಕಾದ ಪ್ರಶ್ನೆಯಾಗಿದೆ. ಭೌತಶಾಸ್ತ್ರ, ಗಣಿತಗಳನ್ನೋದಿದ ಪದವೀಧರರನ್ನು ವಿಮಾನ ನಿಲ್ದಾಣಗಳ ಪ್ರಾಧಿಕಾರದವರು ಆರಿಸಿ ತರಬೇತಿ ಕೊಡಿಸುವರು; 1948ರಲ್ಲಿ ಸ್ಥಾಪಿತವಾದ ಅಲಹಾಬಾದಿನ ಕಾಲೇಜು ಇಂತಹ ತರಬೇತಿಯ ಹಳೆಯ ಮನೆ. ಆದರೆ ಅಲ್ಲಿಯ ಪರೀಕ್ಷೆಯಲ್ಲಿ ಉತ್ತೀರ್ಣನಾದವನು ಆ ಮಾತ್ರದಿಂದ ನಿಯಂತ್ರಕನಾಗಲಿಲ್ಲ. ಅಂತರರಾಷ್ಟ್ರೀಯ ನಿಯಮದಂತೆ ಅವನಿಗೆ 21 ವರ್ಷ ತುಂಬಿರಬೇಕು. ಅನುಭವಸ್ಥರ ಕಣ್ಣೆದುರಿನಲ್ಲಿ ಕನಿಷ್ಠ ಮೂರು ತಿಂಗಳು ನಿಜವಾದ ವಿಮಾನಗಳನ್ನು ನಡೆಯಿಸಿರಬೇಕು. 40 ವರ್ಷದವರೆಗೆ ನಾಲ್ಕು ವರ್ಷಕ್ಕೊಮ್ಮೆ, ಅಲ್ಲಿಂದಾಚೆಗೆ ಎರಡು ವರ್ಷಕ್ಕೊಮ್ಮೆ ವೈದ್ಯರ ಮುಂದೆ ನಿಲ್ಲಬೇಕು.

ಲೈಸೆನ್ಸು ದೊರೆತರೂ ಎಲ್ಲ ಕೆಲಸಕ್ಕೂ ಅಧಿಕಾರ ಬಂದಂತಾಗದು. ಗೋಪುರದಲ್ಲಿ ಕುಳಿತು ಓಡುದಾರಿಯನ್ನು ನೋಡಿಕೊಳ್ಳುವುದಕ್ಕೆ ಒಂದು ರೇಟಿಂಗು, ನಿಲ್ದಾಣದತ್ತ ಬರುವ ವಿಮಾನಗಳನ್ನು ಸಾಲುಗೊಳಿಸುವುದಕ್ಕೆ ಇನ್ನೊಂದು, ದೂರದ ಮಾರ್ಗಗಳ ಮೇಲ್ವಿಚಾರಣೆಗೆ ಮತ್ತೊಂದು. ರಾಡಾರಿನ ಕೆಲಸಕ್ಕೆ ಬೇರೆಯೇ. ಆರು ತಿಂಗಳು ಆ ಆಸನದಲ್ಲಿ ಕೆಲಸಮಾಡದಿದ್ದರೆ ರೇಟಿಂಗು ಅಸಿಂಧುವಾಗುವುದು. ಒಮ್ಮೆ ಸನ್ನದು ಪಡೆದು ಬಾಳೆಲ್ಲ ಅದನ್ನು ಗೋಡೆಗೆ ತೂಗುಹಾಕಿಕೊಳ್ಳುವ ನಮ್ಮ ವಕೀಲ ಮಿತ್ರರು ಇದನ್ನು ಕೇಳಿ ಬೆಚ್ಚಬಹುದು!

ಭಾಷೆಯ ವಿಷಯವೂ ಲಘುವಾದುದಲ್ಲ. ಪೈಲಟರೂ ನಿಯಂತ್ರಕರೂ ರೇಡಿಯೋದಲ್ಲಿ ಬಳಸುವ ಭಾಷೆಯಲ್ಲಿ ಆರು ಮೆಟ್ಟಿಲುಗಳ ಪೈಕಿ ನಾಲ್ಕನೆಯದನ್ನಾದರೂ ಮುಟ್ಟಿರಬೇಕೆಂಬ ನಿಯಮವು 2003ರಲ್ಲಿ ಅಂಗೀಕೃತವಾಗಿ 2008ರಿಂದ ಜಾರಿಗೆ ಬಂದಿತು. ನಾಲ್ಕನೆಯ ಮೆಟ್ಟಿಲಿನವರನ್ನು ಮೂರು ವರ್ಷಕ್ಕೊಮ್ಮೆಯಾದರೂ ಪುನಃ ಪರೀಕ್ಷಿಸಬೇಕೆಂಬುದು ಅದರ ಸಲಹೆ.

ನಮ್ಮ ಆಕ್ಷೇಪಣೆ ಈ ನಿಯಮಗಳ ಮೇಲಲ್ಲ, ಅವುಗಳನ್ನು ನಡೆಯಿಸುವ ಕ್ರಮದ ಮೇಲೆ. ಬಹುಕಾಲದವರೆಗೆ ನಮ್ಮ ದೇಶದಲ್ಲಿ ನಿಯಂತ್ರಕರಿಗೆ ಸಂಬಳ ಕೊಡುವ ಪ್ರಾಧಿಕಾರವೇ ಅವರನ್ನು ಪರೀಕ್ಷಿಸಿ ಯೋಗ್ಯರೆಂದು ಸಾರುತ್ತಿದ್ದಿತು. ಆಳಿನ ಅಭಾವವಾದಾಗ ಪರೀಕ್ಷಕನ ಕೈ ಸಡಿಲವಾಗುವ ಭಯ ಅಲ್ಲಿ ಸಹಜವಾದುದು. 2017ರಲ್ಲಿ ತಪಾಸಣೆಗೆ ಬಂದ ಅಂತರರಾಷ್ಟ್ರೀಯ ಸಂಸ್ಥೆಯವರು ಇದನ್ನು ಕುಂದೆಂದು ಎಣಿಸಿದರು. ಬಳಿಕ ಲೈಸೆನ್ಸು ಕೊಡುವ ಕಾರ್ಯವು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಕೈಗೆ ಬಂದಿತು. ಪರರು ಬೆರಳು ತೋರಿಸುವವರೆಗೆ ನಾವೇಕೆ ಕಾದೆವು?

ಈಗಲಾದರೂ ಎಲ್ಲವೂ ನೆಟ್ಟಗಾಯಿತೆನ್ನುವಂತಿಲ್ಲ. ನಿರ್ದೇಶನಾಲಯವೂ ಪ್ರಾಧಿಕಾರವೂ ಒಂದೇ ಮಂತ್ರಾಲಯದ ಅಧೀನದಲ್ಲಿರುವುವು. ಪರೀಕ್ಷಕರನ್ನು ಎಲ್ಲಿಂದ ತರುವರು, ಅನರ್ಹನೆಂದು ಕಂಡವನನ್ನು ಆಸನದಿಂದ ಎಬ್ಬಿಸುವ ಧೈರ್ಯ ಅವರಿಗಿದೆಯೇ ಎಂಬುದನ್ನು ನಮ್ಮ ಪಾರ್ಲಿಮೆಂಟಿನ ಸದಸ್ಯರು ಸಭೆಯಲ್ಲಿ ಮಂತ್ರಿಗಳನ್ನು ಕೇಳಿ ಉತ್ತರ ಪಡೆಯಬೇಕು.