ಗೆದ್ದ ಮೇಲಿನ ವ್ಯಾಜ್ಯ

“ಗೆದ್ದವ ಸೋತ, ಸೋತವ ಸತ್ತ” – ಇದು ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ಕುರಿತು ಹಿರಿಯರು ಆಡುತ್ತ ಬಂದ ಮಾತು. ಗೆದ್ದವನು ಸೋಲುವುದೆಂತು? ವ್ಯಾಜ್ಯದ ವೆಚ್ಚವನ್ನು ಹಂಚಿಕೊಳ್ಳುವೆವೆಂಬ ಬಾಯಿಮಾತಿನ ಕರಾರುಗಳು ಮುರಿದುಬೀಳುವುದನ್ನು ಕಂಡವರಿಗೆ ಅದರ ಅರ್ಥ ಚೆನ್ನಾಗಿ ತಿಳಿದೀತು.

ರಾಯಚೂರು ಜಿಲ್ಲೆಯ ದೇವದುರ್ಗ ಸೀಮೆಗೆ ಕೃಷ್ಣೆಯ ನೀರನ್ನು ತಂದುದು ನಾರಾಯಣಪುರ ಬಲದಂಡೆ ಕಾಲುವೆ; ಮಾನ್ವಿಯ ಹೊಲಗಳಿಗೆ ತುಂಗಭದ್ರೆಯನ್ನು ತಂದುದು ಎಡದಂಡೆ ಕಾಲುವೆ. ಕಾಲುವೆ ಬರಬೇಕಾದರೆ ಕೆಲವರ ಭೂಮಿ ಹೋಗಲೇಬೇಕು. ಸರ್ಕಾರ ಗೊತ್ತುಮಾಡಿದ ಪರಿಹಾರ ಸಾಲದೆನಿಸಿದವರಿಗೆ 1894ರ ಭೂಸ್ವಾಧೀನ ಕಾಯಿದೆಯ 18ನೆಯ ಕಲಮು ನ್ಯಾಯಾಲಯದ ದಾರಿ ತೋರಿಸಿತ್ತು.

ಆ ಕಾಯಿದೆ ಜಾರಿಯಲ್ಲಿದ್ದ ಕಾಲದ ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ದೇವದುರ್ಗದ ಬಳಿ ಒತ್ತಿನ ಹೊಲಗಳುಳ್ಳ ನಾಲ್ವರು ದಾಯಾದಿಗಳು. ಹಿರಿಯನು ರಾಯಚೂರು ನಗರದಲ್ಲಿ ನೌಕರ. ಒಬ್ಬನು ಮಾನ್ವಿಯಲ್ಲಿ ವ್ಯಾಪಾರಿ. ಉಳಿದಿಬ್ಬರು ಊರಲ್ಲಿಯೇ ರೈತರು. “ನೀ ಮುಂದ ನಿಲ್ಲಣ್ಣಾ, ಖರ್ಚು ಎಲ್ಲಾರೂ ಹಂಚಿಕೊಳ್ಳೋಣು” ಎಂದರು. ಅಣ್ಣನೊಬ್ಬನೇ ಅರ್ಜಿ ಹಾಕಿದನು. ವಕೀಲರ ಫೀಜು, ಕಾಗದಪತ್ರಗಳ ನಕಲು, ಸಾಕ್ಷಿಗಳ ಬಸ್ಸಿನ ಚಾರ್ಜು – ಎಲ್ಲವೂ ಅವನ ಕೈಯಿಂದಲೇ ಹೋಯಿತು. ವರ್ಷಗಳ ತರುವಾಯ ಪರಿಹಾರ ಹೆಚ್ಚಿತು.

ಇಲ್ಲಿಂದಲೇ ಕಥೆ ತಿರುಗುವುದು. 1984ರಲ್ಲಿ ಸೇರಿಸಿದ 28-ಎ ಕಲಮಿನಂತೆ, ಅದೇ ಅಧಿಸೂಚನೆಯಲ್ಲಿ ಭೂಮಿ ಕಳೆದುಕೊಂಡು ಕೋರ್ಟಿಗೆ ಹೋಗದವರೂ ಆ ತೀರ್ಪಿನ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಕೊಟ್ಟು ಹೆಚ್ಚಿನ ಪರಿಹಾರ ಕೇಳಬಹುದಾಗಿತ್ತು. ತಮ್ಮಂದಿರೂ ಕೇಳಿದರು, ಪಡೆದರು. ಖರ್ಚಿನ ಮಾತೆತ್ತಿದಾಗ, “ನಮಗ ಕೊಟ್ಟದ್ದು ಕಾಯಿದೆ, ನೀನಲ್ಲ” ಎಂದುಬಿಟ್ಟರು! ಹಣಕ್ಕಿಂತ ಆ ಮಾತೇ ಅಣ್ಣನ ಎದೆಗೆ ನಾಟಿತು. 2013ರ ಹೊಸ ಕಾಯಿದೆಯ 73ನೆಯ ಕಲಮಿನಲ್ಲಿಯೂ ಇಂಥದೇ ಅವಕಾಶವಿರುವುದರಿಂದ ಈ ಮನಸ್ತಾಪದ ಬೀಜ ಇಂದಿಗೂ ಉಳಿದಿದೆ.

ಹಾಗಾದರೆ ಬಾಯಿಮಾತಿಗೆ ಬೆಲೆಯಿಲ್ಲವೆ? ಉಂಟು. 1872ರ ಕರಾರು ಕಾಯಿದೆ ಬಾಯಿಮಾತಿನ ಒಪ್ಪಂದವನ್ನೂ ಮಾನ್ಯಮಾಡುತ್ತದೆ. ಪರರ ವ್ಯಾಜ್ಯಕ್ಕೆ ಹಣ ಒದಗಿಸುವ ನ್ಯಾಯವಾದ ಕರಾರು ಅಷ್ಟರಿಂದಲೇ ಅಸಿಂಧುವಾಗದೆಂದು ಪ್ರಿವಿ ಕೌನ್ಸಿಲು 1876ರಷ್ಟು ಹಿಂದೆಯೇ ಕಲ್ಕತ್ತೆಯ ಮೊಕದ್ದಮೆಯೊಂದರಲ್ಲಿ ಹೇಳಿತ್ತು. ಆದರೆ ವಕೀಲರು ಮಾತ್ರ ಗೆಲುವಿನ ಹಣದಲ್ಲಿ ಪಾಲು ಗೊತ್ತುಮಾಡಿಕೊಳ್ಳುವಂತಿಲ್ಲ.

ತೊಡಕಿರುವುದು ಕಾಯಿದೆಯಲ್ಲಲ್ಲ, ರುಜುವಾತಿನಲ್ಲಿ. ಯಾರು, ಎಷ್ಟು, ಎಲ್ಲಿಯವರೆಗೆ? ಮೇಲಿನ ಕೋರ್ಟಿಗೆ ಹೋದರೆ? ಸೋತರೆ? ನಡುವೆ ಒಬ್ಬರು ರಾಜಿಯಾದರೆ? ಈ ಪ್ರಶ್ನೆಗಳಿಗೆ ಪಡಸಾಲೆಯ ಮಾತಿನಲ್ಲಿ ಉತ್ತರವಿರುವುದಿಲ್ಲ. ಇಂಥ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರೇ ವರ್ಷದ ವಾಯಿದೆ. ದಾಕ್ಷಿಣ್ಯದಲ್ಲಿಯೇ ಅದು ಕಳೆದುಹೋಗುವುದುಂಟು.

ಆದುದರಿಂದ ಮೊದಲ ದಿನವೇ ಒಂದು ಹಾಳೆಯಲ್ಲಿ ಪಾಲುಗಳನ್ನು ಬರೆದು, ಎಲ್ಲರೂ ರುಜು ಹಾಕಿ, ರಸೀದಿಗಳನ್ನು ಒಂದೆಡೆ ಇಡುವುದು ಲೇಸು. ಕಲಹ ಹುಟ್ಟಿಯೇಬಿಟ್ಟರೆ ಫೀಜಿಲ್ಲದ ಲೋಕ ಅದಾಲತ್ತಿನಲ್ಲಿ ರಾಜಿಗೆ ದಾರಿಯುಂಟು. ಅಣ್ಣತಮ್ಮಂದಿರ ನಡುವೆ ಕಾಗದವೇತಕ್ಕೆ ಎನ್ನುವವರಿದ್ದಾರೆ. ಅಣ್ಣತಮ್ಮಂದಿರಾಗಿಯೇ ಉಳಿಯುವುದಕ್ಕೆ ಎಂಬುದೇ ಅದಕ್ಕೆ ಉತ್ತರ.